ಬಾವಿಯ ಎದುರು ಕಿಟಕಿ

"ಮೂರು ಗಂಟೆಗೆ ಬಸ್ಸು ಹೊರಡುತ್ತೆ. ಬಂದೋರು ಬರ್ಲಿ, ಬರದೋರು ಇಲ್ಲೇ ಇರ್ಲಿ!" ಎಂದು ಮಿರೆಲ್ಲಾ ಮೇಜಿನ ಮೇಲೆ ಕೈ ಬಡಿದಳು. ನನ್ನ ಲೋಟದ ಬಿಳಿ ವೈನು ತುಳುಕಿ ಮೇಜಿನ ಬಟ್ಟೆಯ ಮೇಲೆ ಚೆಲ್ಲಿತು.

ಮಿರೆಲ್ಲಾ ನಮ್ಮ ಪ್ರವಾಸದ ಗೈಡು. ಬೆರ್ಗಮೊದಿಂದ ಹೊರಟು ನಾಲ್ಕು ದಿನವಾಗಿತ್ತು. ಹದಿನಾರು ಜೋಡಿ ಗಂಡ ಹೆಂಡಿರನ್ನು ಅವಳು ಊರೂರಿನಲ್ಲಿ ಇಳಿಸಿ, ಎಣಿಸಿ, ಮತ್ತೆ ಬಸ್ಸಿಗೆ ತುಂಬುತ್ತಿದ್ದಳು. ಇವತ್ತು ಓರ್ವಿಯೆತೊದಲ್ಲಿ ಎಣಿಕೆ ಮೂವತ್ತೊಂದಕ್ಕೆ ನಿಂತುಬಿಟ್ಟಿತ್ತು. ಬೆಳಿಗ್ಗೆ ಈ ಊರಿನ ಹಳೇ ಬಾವಿಗೆ ಸುತ್ತುಮೆಟ್ಟಿಲಿನಲ್ಲಿ ಇಳಿದಿದ್ದ ಫೌಸ್ತಾ ಊಟಕ್ಕೆ ಬರಲೇ ಇಲ್ಲ.

"ಮೆಸೇಜ್ ಬಂದಿದೆಯಲ್ಲಮ್ಮ," ಮಿರೆಲ್ಲಾ ನನ್ನ ಹೆಂಡತಿಯ ಮೇಲೆ ರೇಗಿದಳು. "'ಅಂಕೋನಾದಲ್ಲಿರೋ ಅಕ್ಕನ ಮನೆಗೆ ಹೋಗ್ತಿದ್ದೀನಿ, ಹುಡುಕಬೇಡಿ' ಅಂತ ಅವಳೇ ಬರೆದಿದ್ದಾಳೆ. ಗಂಡನೇ ಸುಮ್ನಿದ್ದಾನೆ. ನಿಮಗ್ಯಾಕೆ ಉರಿ? ಅಸ್ಸೀಸಿಯಲ್ಲಿ ಹೋಟೆಲಿನವರು ಕಾಯ್ತಿದ್ದಾರೆ."

"ಗಂಡ ಸುಮ್ನಿದ್ದಾನಲ್ಲ, ಅದೇ ಉರಿ," ಎಂದಳು ಒರ್ನೆಲ್ಲಾ.

ಒರ್ನೆಲ್ಲಾ ನನ್ನ ಹೆಂಡತಿ. ಮೂವತ್ತೊಂದು ವರ್ಷ ಪೊಲೀಸ್ ಇನ್ಸ್‌ಪೆಕ್ಟರ್ ಆಗಿದ್ದವಳು, ಹೋದ ವರ್ಷ ನಿವೃತ್ತಳಾದಳು. ನಾನು ತಾರ್ಚಿಸಿಯೋ, ಬೇಕರಿಯವನು. ನಾವಿಬ್ಬರೂ ಜೊತೆಯಾಗಿ ಒಂದು ವಾರ ಎಲ್ಲಿಗೂ ಹೋದವರಲ್ಲ. ಅವಳಿಗೆ ರಜೆ ಸಿಕ್ಕಾಗ ನನಗೆ ಒಲೆ, ನನಗೆ ಬಿಡುವಾದಾಗ ಅವಳಿಗೆ ಹೆಣ. ಹೊರಡುವ ಮೊದಲು ಅವಳು ಅಡುಗೆಮನೆಯಲ್ಲಿ ನಿಂತು ಮಾತು ಕೊಟ್ಟಿದ್ದಳು: "ಈ ಪ್ರವಾಸದಲ್ಲಿ ಊಟ ಎಲ್ಲಿ, ಶೌಚಾಲಯ ಎಲ್ಲಿ ಅನ್ನೋದು ಬಿಟ್ಟು ಬೇರೆ ಒಂದು ಪ್ರಶ್ನೆಯನ್ನೂ ಯಾರಿಗೂ ಕೇಳಲ್ಲ, ತಾರ್ಚೀ."

ಈಗ ಅವಳ ಮುಂದಿನ ತಟ್ಟೆಯಲ್ಲಿ ಉಂಬ್ರಿಕೆಲ್ಲಿ ಪಾಸ್ತಾ ಆರಿ ಅಂಟಿಕೊಂಡಿತ್ತು. ಕೈಯಲ್ಲೇ ಹೊಸೆದ ದಪ್ಪ ಎಳೆಗಳು, ಮೇಲೆ ಬೆಳ್ಳುಳ್ಳಿ, ಟೊಮೆಟೊ. ನನ್ನ ತಟ್ಟೆ ಖಾಲಿಯಾಗಿತ್ತು, ಅವಳದ್ದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಈ ಕಡೆಯವರು ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ನಾಲ್ಕು ದಿನದಿಂದ ನಾನು ಸಪ್ಪೆ ಬ್ರೆಡ್ಡು ತಿಂದು ಸಪ್ಪಗಾಗಿದ್ದೆ.

"ಒರ್ನೇ, ಒಂದು ತುತ್ತು ತಿನ್ನೇ," ಎಂದೆ.

ಅವಳು ತಿನ್ನಲಿಲ್ಲ. ಕೈಚೀಲದಿಂದ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದು ನನ್ನ ಮುಂದಿಟ್ಟಳು.

"ಫೌಸ್ತಾಳ ಸೀಟಿನಲ್ಲಿತ್ತು. ಅವಳ ಮಂಡಿನೋವಿನ ಮಾತ್ರೆ. ದಿನಕ್ಕೆ ಮೂರು ಸಲ, ನಮ್ಮೆಲ್ಲರ ಎದುರಿಗೇ ನುಂಗ್ತಿದ್ಲು. ಮನೆ ಬಿಟ್ಟು ಹೋಗೋಳು ಮಾತ್ರೆ ಬಿಟ್ಟು ಹೋಗ್ತಾಳಾ?"

"ಮರೆತಿರಬೇಕು."

"ಒಂದು ಬಾಯಿಗೆ ಹಾಕ್ಕೋ."

"ನನಗೇನು ಮಂಡಿನೋವಾ?"

"ಹಾಕ್ಕೋ ಅಂದೆ."

ಹಾಕಿಕೊಂಡೆ. ನಾಲಿಗೆಯ ಮೇಲೆ ಸಿಹಿ ಕರಗಿತು. ನಲವತ್ತು ವರ್ಷ ಸಕ್ಕರೆ ಹಿಟ್ಟಿನ ಜೊತೆ ಬದುಕಿದವನಿಗೆ ಗೊತ್ತಾಗದೆ ಇರುತ್ತದೆಯೇ?

"ಪೆಪ್ಪರ್‌ಮಿಂಟು," ಎಂದೆ. "ಸ್ವಲ್ಪ ಸೋಂಪೂ ಇದೆ."

ಒರ್ನೆಲ್ಲಾ ತಲೆಯಾಡಿಸಿದಳು. ಮೊನ್ನೆ ಸಿಯೆನಾದಲ್ಲಿ ಗೋಪುರ ಹತ್ತುವಾಗ "ಅಯ್ಯೋ ನನ್ನ ಮಂಡಿ" ಎಂದು ಕೆಳಗೇ ಕುಳಿತಿದ್ದವಳು ಫೌಸ್ತಾ. ಆವತ್ತು ಅವಳ ಜೊತೆ ಕುಳಿತು ಸಮಾಧಾನ ಹೇಳಿದವಳು ಒರ್ನೆಲ್ಲಾಳೇ. ಇಬ್ಬರೂ ಅರ್ಧ ಗಂಟೆ ಹರಟಿದ್ದರು. ಮಂಡಿಯೇ ನೋಯದವಳು ನೋವಿನ ನಾಟಕ ಏಕೆ ಆಡಬೇಕು?

ಊಟಕ್ಕೆ ಮೊದಲೇ ಇಲ್ಲಿಯ ಠಾಣೆಯ ಅಧಿಕಾರಿ ದೆಯಿದ್ದಾ ಬಂದು ಹೋಗಿದ್ದರು. ಸಾರ್ಡಿನಿಯಾ ಕಡೆಯವರು, ಮಾತು ಕಡಿಮೆ. "ದೊಡ್ಡ ಹೆಂಗಸು, ಹೇಳಿ ಹೋಗಿದ್ದಾರೆ. ಹೋಗಿ ಎರಡು ಗಂಟೆಯೂ ಆಗಿಲ್ಲ. ಆದ್ರೂ ಅಂಕೋನಾಕ್ಕೆ ಫೋನ್ ಮಾಡಿಸ್ತೀನಿ," ಎಂದು ಫೌಸ್ತಾಳ ಹೆಸರು, ಅಕ್ಕನ ವಿಳಾಸ ಬರೆದುಕೊಂಡಿದ್ದರು. ತಪ್ಪು ಹುಡುಕುವ ಹಾಗಿರಲಿಲ್ಲ. ಅದೇ ಒರ್ನೆಲ್ಲಾಳಿಗೆ ಇನ್ನೂ ಸಿಟ್ಟು ತರಿಸಿತ್ತು. ತಾನಾಗಿದ್ದರೂ ಅಷ್ಟೇ ಮಾಡುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

"ಅಮ್ಮಾ, ಸುಮ್ನೆ ಆ ಮನುಷ್ಯನ ಮೇಲೆ ಅನುಮಾನ ಪಡ್ಬೇಡಿ," ಪಕ್ಕದ ಮೇಜಿನಿಂದ ಬತ್ತಿಸ್ತಣ್ಣ ಹೇಳಿದರು. ಎಂಬತ್ತರ ಹತ್ತಿರದ ಮುದುಕ, ಹಿಂದೆ ಕಲ್ಲುಕುಟಿಗ. "ಗಂಡ ಹೇಳಿದ್ದು ನಿಜ. ಫೌಸ್ತಾ ಬಾವಿಯಿಂದ ಮೇಲೆ ಹೋದದ್ದನ್ನ ನಾನೇ ಕಣ್ಣಾರೆ ಕಂಡಿದ್ದೀನಿ. ಹಳದಿ ಸ್ಕಾರ್ಫು, ಒಣಹುಲ್ಲಿನ ಟೋಪಿ. ಮೇಕೆ ಹಾಗೆ ಪುಟಪುಟ ಹೋಗ್ತಿದ್ಲು."

"ಮೇಕೆ ಹಾಗೆ?" ಒರ್ನೆಲ್ಲಾ ಕುರ್ಚಿ ತಿರುಗಿಸಿದಳು. "ಬತ್ತಿಸ್ತಣ್ಣ, ಆಗ ನೀವೆಲ್ಲಿದ್ರಿ?"

"ಹತ್ತೋ ಮೆಟ್ಟಿಲ ಮೇಲೆ. ಏದುಸಿರು ಬಂತು, ಬಾವಿ ಕಡೆ ತೆರೆಯೋ ಕಿಟಕಿಗೆ ಒರಗಿ ನಿಂತಿದ್ದೆ."

"ಅವಳು ಯಾವ ಕಿಟಕೀಲಿ ಕಂಡ್ಲು?"

"ಸರಿಯಾಗಿ ನನ್ನೆದುರು. ಕಣ್ಣಿಗೆ ಕಣ್ಣು. ಬಾವಿ ಒಳಗಿನ ಬೆಳಕಿನ ಫೋಟೋ ಹಿಡೀತಿದ್ದೆ, ನಡುವೆ ಬಂದ್ಲು. ತಗೊಳ್ಳಿ, ನೋಡಿ."

ಫೋನಿನಲ್ಲಿ ಫೋಟೋ ಇತ್ತು. ಪಾಚಿ ಹಿಡಿದ ಕಲ್ಲಿನ ಕಮಾನು, ಅದರೊಳಗೆ ಹಳದಿ ಸ್ಕಾರ್ಫು. ಮುಖದ ಅರ್ಧ ಟೋಪಿಯ ನೆರಳಿನಲ್ಲಿ. ಗೋಡೆಗೆ ಕೈ ಕೂಡ ಊರಿರಲಿಲ್ಲ. ಕೆಳಗೆ ಹೊತ್ತು: ಹನ್ನೊಂದು ಮೂವತ್ತೇಳು.

ಒರ್ನೆಲ್ಲಾ ತನ್ನ ತಟ್ಟೆಯಿಂದ ಎರಡು ಎಳೆ ಉಂಬ್ರಿಕೆಲ್ಲಿ ಎತ್ತಿದಳು. ಅಂತೂ ತಿನ್ನುತ್ತಾಳೆ ಎಂದುಕೊಂಡೆ. ಅವಳು ಅವನ್ನು ನನ್ನ ವೈನ್ ಬಾಟಲಿಯ ಕುತ್ತಿಗೆಗೆ ಸುತ್ತಿದಳು. ಮೊದಲು ಒಂದು ಎಳೆ, ಅದರ ಸಂದಿನಲ್ಲಿ ಇನ್ನೊಂದು.

"ಬಾವಿಗೆ ಎರಡು ಮೆಟ್ಟಿಲ ಸಾಲು ಇದೆ ಅಲ್ವಾ? ಒಂದು ಇಳಿಯೋಕೆ, ಒಂದು ಹತ್ತೋಕೆ. ಹಾವಿನ ಹಾಗೆ ಒಂದರ ಸಂದಿನಲ್ಲಿ ಒಂದು ಸುತ್ತಿಕೊಂಡಿವೆ. ಎಲ್ಲೂ ಕೂಡೋದಿಲ್ಲ. ನೋಡು ತಾರ್ಚೀ, ಈ ಎಳೆ ಮೇಲೆ ಬೆರಳಿಡು. ಬಾಟಲಿಯ ಆ ಕಡೆ, ಇದೇ ಎತ್ತರದಲ್ಲಿ ಯಾವ ಎಳೆ ಇದೆ?"

ಬಾಟಲಿ ತಿರುಗಿಸಿದೆ. "ಇನ್ನೊಂದು."

"ಯಾವ ಎತ್ತರದಲ್ಲಿ ನೋಡಿದ್ರೂ ಇನ್ನೊಂದೇ. ಬತ್ತಿಸ್ತಣ್ಣ ಹತ್ತೋ ಮೆಟ್ಟಿಲ ಮೇಲಿದ್ರು. ಅವರ ಕಣ್ಣಿಗೆ ಕಣ್ಣಾಗಿ ಎದುರಿಗೆ ಕಂಡೋಳು..."

"ಇಳೀತಿದ್ಲು," ಎಂದರು ಬತ್ತಿಸ್ತಣ್ಣ, ಮೆಲ್ಲಗೆ. ಕಲ್ಲುಕುಟಿಗನಿಗೆ ಅದು ನನಗಿಂತ ಬೇಗ ಅರ್ಥವಾಯಿತು. "ಅಯ್ಯೋ ನನ್ನ ಬುದ್ಧಿಗೆ! ನಾನು ಹತ್ತುತ್ತಿದ್ದೆ, ಅವಳೂ ಹತ್ತುತ್ತಿದ್ಲು ಅಂದ್ಕೊಂಡೆ."

ಒರ್ನೆಲ್ಲಾ ಆಗಲೇ ಎದ್ದಿದ್ದಳು.

ಫೌಸ್ತಾಳ ಗಂಡ ಇವಾನೊ ಮೂಲೆಯ ಮೇಜಿನಲ್ಲಿ ಒಬ್ಬನೇ ಕುಳಿತಿದ್ದ. ಐವತ್ತೆಂಟರ ಆಳು, ಗಟ್ಟಿ ಮೈ, ಕೂದಲಿಗೆ ಕಪ್ಪು ಬಳಿದಿದ್ದ. ಹುರಿದ ಪಾರಿವಾಳ ಮುಗಿಸಿ ತಟ್ಟೆಯ ಗೊಜ್ಜನ್ನು ಬ್ರೆಡ್ಡಿನಿಂದ ಒರೆಸುತ್ತಿದ್ದ. ಹೆಂಡತಿ ಬಿಟ್ಟು ಹೋದವನಿಗೆ ಅಷ್ಟು ಹಸಿವೆ ಇರುತ್ತದೆಯೇ ಎಂದು ನಾನು ಯೋಚಿಸಿದೆ. ಆಮೇಲೆ ನೋಡಿದೆ. ಅವನು ಅದೇ ಜಾಗವನ್ನು ಅದೇ ತುಂಡಿನಿಂದ ಮತ್ತೆ ಮತ್ತೆ ಒರೆಸುತ್ತಿದ್ದ. ಬಾಯಿಗೆ ಏನೂ ಹೋಗುತ್ತಿರಲಿಲ್ಲ.

"ಇವಾನೊ ಅವರೇ, ನೀವಿಬ್ರೂ ಬಾವಿಯಿಂದ ಎಷ್ಟೊತ್ತಿಗೆ ಹೊರಗೆ ಬಂದ್ರಿ?"

"ಎಷ್ಟು ಸಲ ಹೇಳ್ಲಿ? ಹನ್ನೊಂದೂ ಕಾಲು. ಅವಳು ಪಿಂಗಾಣಿ ಅಂಗಡಿ ಕಡೆ ಹೋದ್ಲು, ನಾನು ಕಾಫಿಗೆ ಹೋದೆ. ಆಮೇಲೆ ಮೆಸೇಜ್ ಬಂತು. ನಿಮಗೆ ಪಿಂಚಣಿ ಸಾಕಾಗಲ್ವಾ? ಕೆಲ್ಸ ಹುಡುಕ್ತಿದ್ದೀರಾ?"

"ಮತ್ತೆ ಒಳಗೆ ಹೋಗಲಿಲ್ವಾ ಅವಳು?"

"ಇನ್ನೂರ ನಲವತ್ತೆಂಟು ಮೆಟ್ಟಿಲು! ಅವಳ ಮಂಡಿ ಗೊತ್ತಿಲ್ವಾ ನಿಮಗೆ?"

"ಗೊತ್ತು. ಪೆಪ್ಪರ್‌ಮಿಂಟಿಗೆ ವಾಸಿಯಾಗೋ ಮಂಡಿ." ಒರ್ನೆಲ್ಲಾ ಡಬ್ಬಿಯನ್ನು ಅವನ ತಟ್ಟೆಯ ಪಕ್ಕದಲ್ಲಿಟ್ಟಳು. ಅದರ ಪಕ್ಕಕ್ಕೆ ಫೋನು. "ಹನ್ನೊಂದು ಮೂವತ್ತೇಳು. ಇಳಿಯೋ ಮೆಟ್ಟಿಲು. ಒಬ್ಬಳೇ. ಓಡ್ತಿದ್ದಾಳೆ. ಈಗ ಇನ್ನೊಂದು ಸಲ ಹೇಳಿ, ನೀವು ಕಾಫಿ ಎಲ್ಲಿ ಕುಡಿದ್ರಿ?"

ಇವಾನೊ ಫೋಟೋ ನೋಡಿದ. ಬ್ರೆಡ್ಡಿನ ತುಂಡು ಕೈಯಿಂದ ಜಾರಿತು. ಒರ್ನೆಲ್ಲಾ ಸುಮ್ಮನೆ ಕಾದಳು. ಅವಳಿಗೆ ಕಾಯುವುದು ಗೊತ್ತು. ಅವನ ತುಟಿ ಅಲುಗಿತು, "ಅವಳು..." ಎಂದ.

ಬಾಗಿಲಿನ ಗಂಟೆ ಕಿಣಿಕಿಣಿ ಎಂದಿತು. ದೆಯಿದ್ದಾ ಟೋಪಿ ತೆಗೆಯುತ್ತಾ ಒಳಗೆ ಬಂದರು.

"ಒಳ್ಳೆ ಸುದ್ದಿ. ಸಿಕ್ಕಿದ್ರು ನಿಮ್ಮ ಹೆಂಡ್ತಿ. ಅಂಕೋನಾದಲ್ಲಿ ಅಕ್ಕನ ಮನೇಲೇ ಇದ್ದಾರೆ. ನಮ್ಮವರು ಹೋಗಿ ಬಾಗಿಲು ತಟ್ಟಿದ್ರು, ಅವರೇ ತೆಗೆದ್ರು. ಆರೋಗ್ಯವಾಗಿದ್ದಾರೆ."

ಮಿರೆಲ್ಲಾ ಎರಡೂ ಕೈ ಮೇಲೆತ್ತಿದಳು. ಮೇಜುಗಳಿಂದ ಚಪ್ಪಾಳೆ ಕೇಳಿಸಿತು. "ಅಸ್ಸೀಸಿ! ಅಸ್ಸೀಸಿ!" ಎಂದು ಯಾರೋ ಕೂಗಿದರು. ಒಬ್ಬಳು ನನ್ನ ಕಡೆ ಬಾಗಿ, "ನಿಮ್ಮ ಹೆಂಡ್ತೀಗೆ ಹೇಳಿ, ಇನ್ಮೇಲೆ ಬಾವಿಗಿಂತ ಚರ್ಚು ನೋಡ್ಲಿ," ಎಂದು ಚುಚ್ಚಿದಳು.

ನಾನು ಒರ್ನೆಲ್ಲಾಳ ಮುಖ ನೋಡಲಾರದೆ ಇವಾನೊನ ಮುಖ ನೋಡಿದೆ. ಅವನ ಮುಖಕ್ಕೆ ಬಣ್ಣ ಮರಳಿತ್ತು. "ನಾನು ಹೇಳ್ಲಿಲ್ವಾ?" ಎಂದ, ಬಹಳ ಬೇಗ.

ಹೇಗಿದ್ದಾಳೆ, ಏಕೆ ಹೋದಳು, ಏನಾದರೂ ಅಂದಳೇ... ಒಂದನ್ನೂ ಅವನು ಕೇಳಲಿಲ್ಲ.

"ಸಾಹೇಬ್ರೇ," ಎಂದಳು ಒರ್ನೆಲ್ಲಾ, "ಇಲ್ಲಿಂದ ಅಂಕೋನಾಕ್ಕೆ ರೈಲಲ್ಲಿ ಎಷ್ಟೊತ್ತು?"

"ಎರಡು ಸಲ ಬದಲಾಯಿಸ್ಬೇಕು. ಮೂರೂವರೆ, ನಾಲ್ಕು ಗಂಟೆ..." ದೆಯಿದ್ದಾ ಅರ್ಧಕ್ಕೆ ನಿಂತು ಗೋಡೆಯ ಗಡಿಯಾರ ನೋಡಿದರು. ಎರಡೂ ನಲವತ್ತು.

"ಹನ್ನೊಂದು ಮೂವತ್ತೇಳಕ್ಕೆ ಅವಳು ಈ ಊರಿನ ಬಾವಿ ಒಳಗಿದ್ಲು. ಒಂದು ಫೋಟೋ ತರಿಸಿ. ಅಂಕೋನಾದಲ್ಲಿ ಬಾಗಿಲು ತೆಗೆದೋಳದ್ದು."

"ಏನಿದು ಅವಮಾನ! ನನ್ನ ಹೆಂಡ್ತಿ ಫೋಟೋ ಇವರಿಗ್ಯಾಕೆ?" ಇವಾನೊ ಎದ್ದು ನಿಂತ. "ಮಿರೆಲ್ಲಾ, ಬಸ್ಸು ತೆಗಿಸಿ!"

"ಕೂತ್ಕೊಳ್ಳಿ," ಎಂದರು ದೆಯಿದ್ದಾ. ಧ್ವನಿ ಏರಲಿಲ್ಲ. ಅವನು ಕುಳಿತ.

ಏಳು ನಿಮಿಷ ಹಿಡಿಯಿತು. ಆ ಏಳು ನಿಮಿಷದಲ್ಲಿ ಬಸ್ಸಿನ ಚಾಲಕ ಎರಡು ಸಲ ಹಾರನ್ ಹೊಡೆದ, ಮಿರೆಲ್ಲಾ ಮೂರು ಸಲ ಗಡಿಯಾರ ತೋರಿಸಿದಳು. ಅರ್ಧ ಜನ ಎದ್ದು ಕೋಟು ಹಾಕಿಕೊಂಡರು. ಆಮೇಲೆ ದೆಯಿದ್ದಾರ ಫೋನು ಗುಂಯ್‌ಗುಟ್ಟಿತು. ಅವರು ನೋಡಿ, ಮಾತಾಡದೆ ಒರ್ನೆಲ್ಲಾಳ ಕೈಗೆ ಕೊಟ್ಟರು. ಅವಳ ಭುಜದ ಮೇಲಿಂದ ನಾನೂ ಇಣುಕಿದೆ.

ಅಡುಗೆಮನೆಯ ಏಪ್ರನ್ ತೊಟ್ಟ ಸಣಕಲು ಹೆಂಗಸು. ನರೆತ ಗಿಡ್ಡ ಕೂದಲು, ದಪ್ಪ ಕನ್ನಡಕ. ಕೈಯಲ್ಲಿ ಡ್ರೈವಿಂಗ್ ಲೈಸೆನ್ಸು ಹಿಡಿದು ತೋರಿಸುತ್ತಿದ್ದಳು. ಹೆಸರು ಫೌಸ್ತಾಳದ್ದೇ.

ನಾಲ್ಕು ದಿನ ನಮ್ಮೆದುರು ಕುಳಿತು ಉಂಡವಳು ಇವಳಲ್ಲ.

"ಮೂರು ವಾರದಿಂದ ಅಕ್ಕನ ಮನೇಲಿದ್ದಾರಂತೆ," ದೆಯಿದ್ದಾ ನಿಧಾನವಾಗಿ ಹೇಳಿದರು. "ಗಂಡನ್ನ ಬಿಟ್ಟು ಬಂದಿದ್ದೀನಿ, ಗುರುತಿನ ಚೀಟಿ ಬೆರ್ಗಮೊದ ಮನೇಲೇ ಉಳೀತು ಅಂದ್ರಂತೆ. ಮೆಸೇಜ್ ಕಳಿಸಿಲ್ಲವಂತೆ."

ಇವಾನೊ ಎರಡು ಕೈಯಲ್ಲಿ ತಲೆ ಹಿಡಿದುಕೊಂಡ.

"ನಾನೇ ಬರೆದೆ," ಎಂದ. "ಅವಳ ಫೋನು ನನ್ನ ಜೇಬಲ್ಲೇ ಬಿಟ್ಟು ಹೋಗಿದ್ಲು. ಮೇಲೆ ಬಂದ್ಮೇಲೆ, 'ಕನ್ನಡಕ ಕೆಳಗೆ ಬಿಟ್ಟೆ' ಅಂತ ಇನ್ನೊಂದು ಟಿಕೆಟ್ ತಗೊಂಡು ಇಳಿದ್ಲು. ಮುಕ್ಕಾಲು ಗಂಟೆ ಕಾದೆ. ಬರ್ಲಿಲ್ಲ. ಪೊಲೀಸರು ಬಂದ್ರೆ ಯಾರು ಅಂತ ಹೇಳ್ಲಿ? ಅಂಕೋನಾ ಅಂತ ಬರೆದ್ರೆ, ಹುಡುಕೋರಿಗೆ ಅಲ್ಲಿ ಫೌಸ್ತಾ ಸಿಗ್ತಾಳೆ, ವಿಷ್ಯ ಮುಗಿಯುತ್ತೆ ಅಂದ್ಕೊಂಡೆ."

"ಹೆಂಡ್ತಿ ಚೀಟೀಲಿ ಇನ್ನೊಬ್ಬಳನ್ನ ಹೋಟೆಲಿಗೆ ಕರ್ಕೊಂಡು ಹೋಗಿದ್ದು ಬೇರೆ ಲೆಕ್ಕ. ಅದಕ್ಕೆ ನೀವು ನನ್ನ ಜೊತೆ ಠಾಣೆಗೆ ಬರ್ಬೇಕು," ಎಂದರು ದೆಯಿದ್ದಾ. ಪುಸ್ತಕ ತೆರೆದು ಪೆನ್ನು ಹಿಡಿದರು. "ಆಕೆ ಹೆಸರೇನು?"

"ಲಿದಿಯಾ. ಹಾಗಂತ ಹೇಳಿದ್ಲು. ಡಾನ್ಸ್ ಹಾಲಲ್ಲಿ ಸಿಕ್ಕಿದ್ಲು, ಆರು ತಿಂಗಳಾಯ್ತು."

"ಮನೆತನದ ಹೆಸರು?"

"ಗೊತ್ತಿಲ್ಲ."

"ಊರು? ಕೆಲ್ಸ? ಮನೆ?"

"ಅವಳೇ ನನ್ನ ಮನೆಗೆ ಬರ್ತಿದ್ಲು."

ದೆಯಿದ್ದಾ ಪೆನ್ನು ಹಿಡಿದುಕೊಂಡೇ ಒರ್ನೆಲ್ಲಾಳ ಕಡೆ ತಿರುಗಿದರು. "ಅಮ್ಮಾ, ನೀವೂ ಇದೇ ಕೆಲ್ಸ ಮಾಡಿದೋರು. ಕಾಣೆಯಾದವರು ಅಂತ ದೂರು ಬಂದ ಹೆಂಗಸು ಸಿಕ್ಕಿದ್ದಾರೆ. ಇನ್ನೊಬ್ಬಳು ಕಾಣೆಯಾಗಿದ್ದಾಳೆ ಅಂತ ನಾನೇನೋ ಬರ್ಕೋತೀನಿ. ಆದ್ರೆ ಯಾರು ಅಂತ ಬರೀಲಿ? ಹಳದಿ ಸ್ಕಾರ್ಫು ಅಂತಾನಾ? ಬಾವಿಗೆ ಇಬ್ಬರನ್ನ ಕಳಿಸ್ತೀನಿ. ಅಷ್ಟು ನನ್ನ ಕೈಲಾಗುತ್ತೆ."

ಒರ್ನೆಲ್ಲಾಳ ಬಲಗೈ ಖಾಲಿ ಸೊಂಟವನ್ನು ತಡವಿತು, ಹಿಂದೆ ಪೊಲೀಸ್ ಬಿಲ್ಲೆ ಇರುತ್ತಿದ್ದ ಜಾಗವನ್ನು. ಮೂವತ್ತೊಂದು ವರ್ಷ ಕೈಗೆ ಸಿಕ್ಕ ದಾರವನ್ನು ಜಗ್ಗಿ ಜಗ್ಗಿ ಅಭ್ಯಾಸವಾದವಳು. ಈಗ ದಾರ ಕೈಯಲ್ಲೇ ಇತ್ತು, ಆದರೆ ಜಗ್ಗುವ ಹಕ್ಕು ಇರಲಿಲ್ಲ. ಹೊರಗೆ ಚಾಲಕ ಮತ್ತೆ ಹಾರನ್ ಹೊಡೆದ.

"ಇವಾನೊ," ಕೊನೆಗೆ ಅವಳು ಕೇಳಿದಳು, "ಈ ಪ್ರವಾಸ ಯಾರು ಆರಿಸಿದ್ದು? ನೀವಾ, ಅವಳಾ?"

ಅವನು ತಲೆ ಎತ್ತಿದ. ಕಣ್ಣು ಕೆಂಪಾಗಿತ್ತು. "ನಾನು ಸಮುದ್ರದ ಕಡೆ ಹೋಗೋಣ ಅಂದಿದ್ದೆ. ಏಜೆಂಟನ ಮೇಜಿನ ಮೇಲೆ ಈ ಬಸ್ಸಿನ ಪಟ್ಟಿ ಇತ್ತು. ಅದ್ರಲ್ಲಿ ನಿಮ್ಮ ಹೆಸರು ನೋಡಿದ್ಲು. 'ಇದೇ ಬೇಕು' ಅಂತ ಹಟ ಹಿಡಿದ್ಲು. ಯಾಕೆ ಅಂದ್ರೆ, 'ಆ ಪೊಲೀಸಮ್ಮ ನನ್ನ ಗುರುತು ಹಿಡೀತಾಳಾ ನೋಡ್ಬೇಕು' ಅಂದ್ಲು. ನಾನು ತಮಾಷೆ ಅಂದ್ಕೊಂಡೆ. ದಿನಾ ಊಟ ಮುಗಿಸಿ ರೂಮಿಗೆ ಬಂದು ನಗೋಳು. 'ಇವತ್ತೂ ಹಿಡೀಲಿಲ್ಲ, ಇವತ್ತೂ ಹಿಡೀಲಿಲ್ಲ' ಅಂತ."

ಒರ್ನೆಲ್ಲಾ ಮೇಜಿನ ಅಂಚು ಹಿಡಿದುಕೊಂಡಳು. ಸಿಯೆನಾದ ಗೋಪುರದ ಕೆಳಗಿನ ಆ ಅರ್ಧ ಗಂಟೆ ಅವಳ ಕಣ್ಣ ಮುಂದೆ ಬಂದಿರಬೇಕು.

"ಇವತ್ತು ಬೆಳಿಗ್ಗೆ?"

"ಇವತ್ತು ನಗಲಿಲ್ಲ. ಬಸ್ಸು ಹತ್ತೋವಾಗ ಮುಖ ಸುಣ್ಣದ ಹಾಗಿತ್ತು. 'ಕೆಲ್ಸ ಕೆಟ್ಟಿತು' ಅಂದ್ಲು." ಇವಾನೊ ಒರ್ನೆಲ್ಲಾಳನ್ನು ದಾಟಿ ನನ್ನನ್ನು ನೋಡಿದ. "'ಪೊಲೀಸಮ್ಮ ಹಿಡೀಲಿಲ್ಲ. ಅವಳ ಗಂಡ ಹಿಡಿದ' ಅಂದ್ಲು."

ಮೇಜಿನ ಮೇಲಿದ್ದ ಪೆಪ್ಪರ್‌ಮಿಂಟಿನ ಡಬ್ಬಿ ನನ್ನ ಕೈ ತಾಗಿ ಕೆಳಗೆ ಬಿದ್ದು, ಬಿಳಿ ಗುಳಿಗೆಗಳು ಕಲ್ಲು ನೆಲದ ಮೇಲೆಲ್ಲ ಉರುಳಿದವು.

ಬೆಳಿಗ್ಗೆ ಹೋಟೆಲಿನಲ್ಲಿ ಕಾಫಿಗೆ ಸಾಲು ನಿಂತಿದ್ದಾಗ ಅವಳು ನನ್ನ ಮುಂದಿದ್ದಳು. ಹೊತ್ತು ಹೋಗಲೆಂದು ನಾನೊಂದು ಮಾತು ಆಡಿದ್ದೆ: "ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ ಕಣಮ್ಮ. ನಮ್ಮ ಅಂಗಡಿಗೆ ಬರ್ತಿದ್ರಾ?" ನಲವತ್ತು ವರ್ಷದಲ್ಲಿ ಸಾವಿರ ಜನರಿಗೆ ಕೇಳಿದ ಮಾತು. ಬೇಕರಿಯವನ ಬಾಯಿಚಟ. ಅವಳು ನಕ್ಕು, "ನಮ್ಮೂರಲ್ಲಿ ಬೇರೆ ಬೇಕರಿ ಇದೆ," ಎಂದು ಕಾಫಿ ಅಲ್ಲೇ ಬಿಟ್ಟು ಹೋಗಿದ್ದಳು.

ಒರ್ನೆಲ್ಲಾ ನನ್ನ ಕಡೆ ತಿರುಗಿದಳು. ಅವಳ ಕೋಪ ನೋಡಿದ್ದೇನೆ, ಅಳು ನೋಡಿದ್ದೇನೆ, ಬೇಸರವಂತೂ ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಈ ನೋಟವನ್ನು ಅವಳು ಒಮ್ಮೆಯೂ ಮನೆಗೆ ತಂದಿರಲಿಲ್ಲ.

"ತಾರ್ಚಿಸಿಯೋ," ಎಂದಳು. ಮದುವೆಯಾದ ಮೇಲೆ ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಯಾರು ಅವಳು?"

"ಗೊತ್ತಿಲ್ಲ ಕಣೇ. ದೇವರಾಣೆ."

ಅದು ನಿಜ. ಅವಳ ಮುಖ ನನ್ನ ತಲೆಯ ಬಾಗಿಲವರೆಗೆ ಬಂದು ನಿಂತಿತ್ತು, ಒಳಗೆ ಬರುತ್ತಿರಲಿಲ್ಲ.

ಹೊರಗೆ ಬಸ್ಸು ಸದ್ದು ಮಾಡಿ ಹೊರಟಿತು. ಒರ್ನೆಲ್ಲಾ ಕಿಟಕಿಯತ್ತ ನೋಡಲೂ ಇಲ್ಲ. ಒಂದು ಕುರ್ಚಿ ಎಳೆದುಕೊಂಡು ಕುಳಿತಳು. ನನ್ನ ಪಕ್ಕದಲ್ಲಲ್ಲ, ಎದುರಿಗೆ.

"ಸಾಹೇಬ್ರೇ," ಎಂದಳು ದೆಯಿದ್ದಾರಿಗೆ, ಕಣ್ಣು ನನ್ನ ಮೇಲಿಂದ ತೆಗೆಯದೆ. "ಪುಸ್ತಕ ಮುಚ್ಚಬೇಡಿ. ಇವರ ಹೇಳಿಕೆ ಬರ್ಕೊಳ್ಳಿ."